ಧೂಳು ಹೇಳಿದಂತೆ ಕೇಳಿ: ಹಳೇ ಕಾರಿನ ಡಿಕ್ಕಿ ಬೀಡಿಂಗ್ ಆರಿಸುವ ಸೂತ್ರಗಳು

ಹಳೇ ಅಂಬಾಸಿಡರ್ ಒಂದನ್ನು ಮತ್ತೆ ರಸ್ತೆಗಿಳಿಸಲು ಹೊರಟವರು ಎಂಜಿನ್ ಬೋರಿಂಗ್‌ಗೆ ಊರೂರು ಅಲೆಯುತ್ತಾರೆ, ಪೇಂಟಿನ ಬಣ್ಣಕ್ಕೆ ಮನೆಮಂದಿಯನ್ನೆಲ್ಲ ಕೇಳುತ್ತಾರೆ, ಸೀಟಿನ ರೆಕ್ಸಿನ್‌ಗೆ ಬೆಂಗಳೂರಿಗೇ ಹೋಗಿಬರುತ್ತಾರೆ. ಡಿಕ್ಕಿಯ ಸಂದಿ ಮುಚ್ಚುವ ರಬ್ಬರು ಪಟ್ಟಿ, ಅಂದರೆ ಡಿಕ್ಕಿ ಬೀಡಿಂಗ್, ಮಾತ್ರ ಕೊನೇ ದಿನದ ಬಾಬತ್ತು. ಅಂಗಡಿಯವ ಕೊಟ್ಟಿದ್ದು, ಮೇಸ್ತ್ರಿ ಅಂಟಿಸಿದ್ದು, ಮುಗಿಯಿತು. ಆಮೇಲೊಂದು ದಿನ ಮದುವೆಗೆಂದು ಡಿಕ್ಕಿಯಲ್ಲಿಟ್ಟ ರೇಷ್ಮೆ ಸೀರೆಯ ಬ್ಯಾಗು ಧೂಳಿನಿಂದ ಕೆಂಪಗಾಗಿ ಹೊರಬಂದಾಗ ಅದರ ನೆನಪಾಗುತ್ತದೆ.

ಸೊಕ್ಕೆಯ ಕಡೆ ಆ ದಿನ ಬೇಗ ಬರುತ್ತದೆ. ಜಗಳೂರು ತಾಲ್ಲೂಕಿನ ಮೂರು ಹೋಬಳಿಗಳಲ್ಲಿ ಸೊಕ್ಕೆ ಒಂದು. ಕಸಬಾ, ಬಿಳಿಚೋಡು ಇನ್ನೆರಡು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚಿತ್ರದುರ್ಗಕ್ಕೆ ಸೇರಿದ್ದ ಈ ತಾಲ್ಲೂಕು ಬರಕ್ಕೆ ಹೆಸರುವಾಸಿ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಹೊಲಗಳ ನಡುವಿನ ದಾರಿಯಲ್ಲಿ ಒಂದು ಟ್ರ್ಯಾಕ್ಟರ್ ಮುಂದೆ ಹೋದರೆ ಸಾಕು, ಹಿಂದಿನವನಿಗೆ ರಸ್ತೆ ಕಾಣುವುದಿಲ್ಲ. ಬೀಡಿಂಗ್ ಬಗ್ಗೆ ಇಂಗ್ಲೆಂಡು, ಅಮೆರಿಕದ ಕೈಪಿಡಿಗಳು ಹೇಳುವುದು ಬಹುತೇಕ ಮಳೆನೀರಿನ ಕತೆ. ನಮಗೆ ಮೊದಲ ಶತ್ರು ಧೂಳು, ಎರಡನೆಯದು ಬಿಸಿಲು, ಮಳೆ ಮೂರನೆಯದು. ಕೆಳಗಿನ ಸೂತ್ರಗಳೂ ಅದೇ ಲೆಕ್ಕದಲ್ಲಿವೆ.

1. ಧೂಳು ಬಂದ ದಾರಿಯಲ್ಲೇ ಹೊಗೆಯೂ ಬರುತ್ತದೆ

ಬಸ್ಸು ಹಾದುಹೋದ ಮೇಲೆ ಕಾಗದದ ಚೂರುಗಳು ಸುತ್ತುತ್ತಾ ಅದರ ಬೆನ್ನ ಹಿಂದೆಯೇ ಓಡುವುದನ್ನು ನೋಡಿದ್ದೀರಿ. ಓಡುವ ಗಾಡಿಯ ಹಿಂಭಾಗದಲ್ಲಿ ಗಾಳಿಯ ಒತ್ತಡ ಕುಸಿಯುತ್ತದೆ, ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ, ಚಕ್ರ ಎಬ್ಬಿಸಿದ ಧೂಳನ್ನೂ ಹೊತ್ತು ತರುತ್ತದೆ. ಕಾರಿನ ಮುಂದಿನ ಕಿಟಕಿ ತೆರೆದಿದ್ದರೆ ಒಳಗಿನ ಗಾಳಿ ಹೊರಕ್ಕೆ ಎಳೆದುಹೋಗಿ, ಅದರ ಜಾಗ ತುಂಬಲು ಡಿಕ್ಕಿಯ ಸಂದಿಯಿಂದ ಗಾಳಿ ಒಳಬರುತ್ತದೆ. ಸೈಲೆನ್ಸರ್ ಪೈಪಿನ ಬಾಯಿ ಇರುವುದೂ ಅಲ್ಲೇ, ಬಂಪರಿನ ಕೆಳಗೆ.

ಧೂಳು ಕಣ್ಣಿಗೆ ಕಾಣುತ್ತದೆ. ಪೆಟ್ರೋಲ್ ಎಂಜಿನ್ ಉಗುಳುವ ಕಾರ್ಬನ್ ಮಾನಾಕ್ಸೈಡ್ ಕಾಣುವುದಿಲ್ಲ. ಬಣ್ಣ ಇಲ್ಲ, ವಾಸನೆಯೂ ಇಲ್ಲ. ಹಳೇ ಕಾರುಗಳಲ್ಲಿ ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ಇರುವುದು ಎಷ್ಟೋ ಸಲ ಒಂದು ರಟ್ಟು, ಸ್ವಲ್ಪ ಸ್ಪಂಜು ಅಷ್ಟೆ. ಹಿಂದೆ ಕೂತ ಮಕ್ಕಳಿಗೆ ಪ್ರತಿ ಪ್ರಯಾಣದಲ್ಲೂ ತಲೆನೋವು, ವಾಕರಿಕೆ ಬರುತ್ತಿದ್ದರೆ 'ಇವರಿಗೆ ಕಾರು ಒಗ್ಗಲ್ಲ' ಎಂದು ನಿಂಬೆಹಣ್ಣು ಕೈಗೆ ಕೊಡುವ ಮೊದಲು ಡಿಕ್ಕಿಯ ಚಾಪೆ ಎತ್ತಿ ನೋಡಿ. ಅಲ್ಲಿ ಧೂಳಿನ ಗೆರೆ ಇದೆಯೆಂದರೆ ಹೊಗೆಗೂ ಬಾಗಿಲು ತೆರೆದಿದೆ. ಪಕ್ಕಾ ಡಾಂಬರು ರಸ್ತೆಯ ನಗರದವರಿಗೆ ಈ ಎಚ್ಚರಿಕೆ ಸಿಗುವುದಿಲ್ಲ, ನಮಗೆ ಸಿಗುತ್ತದೆ. ಸೊಕ್ಕೆಯ ಧೂಳಿನಿಂದ ಆಗುವ ಉಪಕಾರ ಬಹುಶಃ ಇದೊಂದೇ.

2. ಅಂಗಡಿಯಲ್ಲಿ ಕಾರಿನ ಹೆಸರು ಹೇಳಬೇಡಿ, ಅಳತೆ ಹೇಳಿ

"ಯಾವ್ ಗಾಡಿಗೆ ಸಾರ್?"

"ಅಂಬಾಸಿಡರ್‌ಗೆ."

"ತಗೊಳ್ಳಿ, ಎಲ್ಲಾ ಮಾಡೆಲ್‌ಗೂ ಇದೇ."

ಈ ಮೂರನೇ ಸಾಲು ಕೇಳಿಸಿದ ಕೂಡಲೇ ಎಚ್ಚರವಾಗಿ. ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಲ್ಲಿ ಶುರುವಾದ ಅಂಬಾಸಿಡರ್ 2014ರವರೆಗೆ ತಯಾರಾಯಿತು. ಮಾರ್ಕ್ 1, 2, 3, 4, ನೋವಾ, 1800 ಐಎಸ್‌ಜೆಡ್ ಎಂದು ಹೆಸರು ಬದಲಾಯಿತು. ಹೊರನೋಟ ಹೆಚ್ಚು ಬದಲಾಗಲಿಲ್ಲ, ಸಣ್ಣಪುಟ್ಟದ್ದು ಬದಲಾಗುತ್ತಲೇ ಇತ್ತು. ಅದಕ್ಕಿಂತ ದೊಡ್ಡ ಮಾತು ಬೇರೆ: ನಿಮ್ಮ ಕೈಗೆ ಬರುವ ಹೊತ್ತಿಗೆ ಆ ಕಾರು ಎಷ್ಟು ಟಿಂಕರಿಂಗ್ ಶೆಡ್ ಕಂಡಿದೆಯೋ ಯಾರಿಗೆ ಗೊತ್ತು. ಹಿಂದಿನಿಂದ ಯಾರೋ ಗುದ್ದಿದ್ದು, ತಗಡು ಎಳೆದು ಬೆಸುಗೆ ಹಾಕಿದ್ದು, ಪುಟ್ಟಿ ಬಳಿದು ಸಮ ಮಾಡಿದ್ದು, ಬೇರೆ ಗಾಡಿಯ ಡಿಕ್ಕಿ ಡೋರು ತಂದು ಕೂರಿಸಿದ್ದು, ಎಲ್ಲ ಸೇರಿ ಆ ಸಂದಿ ಈಗ ನಿಮ್ಮ ಕಾರಿಗೆ ಮಾತ್ರ ಸೇರಿದ ಸಂದಿ. ಮಾಡೆಲ್ ಹೆಸರು ಹುಡುಕಾಟ ಶುರು ಮಾಡಲು ಸಾಕು. ಕೊಳ್ಳಲು ಮಿಲಿಮೀಟರ್ ಬೇಕು.

3. ಹಳೇ ರಬ್ಬರನ್ನು ಕಿತ್ತು ಬಿಸಾಡಬೇಡಿ

ಪೇಂಟಿಗೆ ಬಿಟ್ಟ ದಿನವೇ ಶೆಡ್ಡಿನ ಹುಡುಗರು ಅದನ್ನು ಕಿತ್ತು ಕಸಕ್ಕೆ ಹಾಕಿರುತ್ತಾರೆ. ಮೊದಲೇ ಹೇಳಿಡಿ. ಕೀಳುವ ಮುಂಚೆ ನಾಲ್ಕೂ ಬದಿಯ, ನಾಲ್ಕೂ ಮೂಲೆಯ ಫೋಟೊ ತೆಗೆದುಕೊಳ್ಳಿ. ಕೆಲವು ಕಾರಿನಲ್ಲಿ ರಬ್ಬರು ಬಾಡಿಯ ಅಂಚಿಗಿರುತ್ತದೆ, ಕೆಲವಲ್ಲಿ ಡೋರಿಗೆ. ಕೆಲವಲ್ಲಿ ಎತ್ತರದ ಮಗ್ಗುಲು ಹೊರಕ್ಕೆ, ಕೆಲವಲ್ಲಿ ಒಳಕ್ಕೆ. ಎಲ್ಲಿ ಕಡಿಮೆ ಅಮುಕಿದೆಯೋ ಆ ಭಾಗದಿಂದ ಎರಡು ಇಂಚು ಕತ್ತರಿಸಿ, ಅಡ್ಡಕೊಯ್ತದ ಮುಖವನ್ನು ಬಿಳಿ ಹಾಳೆಯ ಮೇಲೆ ಸ್ಕೇಲಿನ ಪಕ್ಕ ಇಟ್ಟು ಇನ್ನೊಂದು ಫೋಟೊ ತೆಗೆಯಿರಿ. ಚಪ್ಪಟೆಯಾಗಿ ಹೋದ ಭಾಗದ ಅಳತೆ ಕೊಟ್ಟರೆ ಹೊಸ ರಬ್ಬರೂ ಗಿಡ್ಡವೇ ಬರುತ್ತದೆ.

ಆದರೆ ಒಂದು ಅನುಮಾನ ಇರಲಿ: ಈಗಿರುವುದು ಕಂಪನಿಯದೇ ಎಂದು ಖಾತ್ರಿ ಏನು? ಮೂವತ್ತು ವರ್ಷದ ಹಿಂದೆ ಯಾರೋ ಕೈಗೆ ಸಿಕ್ಕಿದ್ದನ್ನು ಅಂಟಿಸಿರಬಹುದು. ಹಳೇ ತುಂಡು ಸಾಕ್ಷಿ ಮಾತ್ರ, ತೀರ್ಪಲ್ಲ.

4. ಮೊದಲು ಡೋರು, ಆಮೇಲೆ ರಬ್ಬರು

ಸೊಟ್ಟಗಿರುವ ತಗಡನ್ನು ರಬ್ಬರು ನೆಟ್ಟಗೆ ಮಾಡುವುದಿಲ್ಲ. ಹಿಂಜಿನ ಪಿನ್ನು ಸವೆದಿದ್ದರೆ ಬದಲಿಸಿ. ಬೀಡಿಂಗ್ ಇಲ್ಲದೆಯೇ ಡೋರು ಮುಚ್ಚಿ ಎಡ ಬಲದ ಸಂದಿ ಸಮ ಇದೆಯೇ ನೋಡಿ. ಲಾಕ್ ಕಚ್ಚುವ ಕೊಂಡಿಯನ್ನು ಮೇಲೆ ಕೆಳಗೆ ಸರಿಸುವ ಬೋಲ್ಟ್ ಇದ್ದರೆ ಅದು ತುಕ್ಕು ಹಿಡಿದಿಲ್ಲ ಎಂದು ಖಚಿತ ಮಾಡಿಕೊಳ್ಳಿ; ಹೊಸ ರಬ್ಬರು ಹಾಕಿದ ಮೇಲೆ ಅದೇ ಬೋಲ್ಟ್ ಮತ್ತೆ ಬೇಕಾಗುತ್ತದೆ. ಈ ಕೆಲಸ ಪೇಂಟಿಗೆ ಮುಂಚೆ ಆಗಬೇಕು.

5. ಚಪಾತಿ ಹಿಟ್ಟಿನ ಪರೀಕ್ಷೆ

ಸಂದಿಯನ್ನು ಸ್ಕೇಲಿನಿಂದ ಅಳೆಯಲಾಗದು. ಡೋರು ಮುಚ್ಚಿದಾಗ ಅದು ಒಳಗಡೆ ಇರುತ್ತದೆ. ಮಕ್ಕಳ ಆಟದ ಜೇಡಿ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಗಟ್ಟಿಯಾಗಿ ಕಲಸಿದ ಚಪಾತಿ ಹಿಟ್ಟು. ಜೋಳದ ಹಿಟ್ಟು ಒಡೆಯುತ್ತದೆ. ರಾಗಿ ಮುದ್ದೆ ಅಂಟಿಕೊಂಡು ಬರುವುದೇ ಇಲ್ಲ, ಮನೆಯಲ್ಲಿ ಬೈಸಿಕೊಳ್ಳುವುದು ಬೇರೆ. ನಿಂಬೆಗಾತ್ರದ ಉಂಡೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಬೀಡಿಂಗ್ ಕೂರುವ ಜಾಗದಲ್ಲಿ ಪ್ರತಿ ಬದಿಗೆ ಎರಡು, ಪ್ರತಿ ಮೂಲೆಗೆ ಒಂದರಂತೆ ಹನ್ನೆರಡು ಕಡೆ ಇಡಿ. ಡೋರನ್ನು ಲಾಕ್ ಬೀಳುವವರೆಗೆ ಮೆಲ್ಲಗೆ ಒತ್ತಿ, ತೆರೆಯಿರಿ. ಅಮುಕಿದ ಪ್ರತಿ ಉಂಡೆಯ ದಪ್ಪ ಅಳೆದು, ಡಿಕ್ಕಿಯ ಚಿತ್ರ ಬರೆದು ಆಯಾ ಜಾಗದಲ್ಲಿ ಗುರುತು ಹಾಕಿ.

ಈಗ ಲೆಕ್ಕ. ಟೊಳ್ಳು ಬಲ್ಬಿನ (ಕೊಳವೆಯಂತೆ ಉಬ್ಬಿದ ಭಾಗದ) ಬೀಡಿಂಗ್ ಅದರ ಎತ್ತರದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಅಮುಕಿದಾಗ ಚೆನ್ನಾಗಿ ಮುಚ್ಚುತ್ತದೆ. ಸಂದಿ 10 ಮಿ.ಮೀ. ಇದ್ದರೆ 13ರಿಂದ 15 ಮಿ.ಮೀ. ಎತ್ತರದ ಬಲ್ಬು ಬೇಕು. 14 ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಸಂದಿ 8 ಇದ್ದರೆ 11ರ ಆಸುಪಾಸು. 'ದಪ್ಪ ಇದ್ದಷ್ಟೂ ಭದ್ರ' ಎಂದು 10ರ ಸಂದಿಗೆ 20ರದ್ದು ತಂದರೆ ಡೋರು ಮುಚ್ಚಲು ಇಬ್ಬರು ಕೂರಬೇಕಾಗುತ್ತದೆ. ಹಾಗೆ ಕೂತು ಕೂತು ತಗಡು ಬಗ್ಗುತ್ತದೆ, ಲಾಕ್ ಸವೆಯುತ್ತದೆ, ಮೂಲೆಗಳು ಎದ್ದು ನಿಂತು ಹೊಸ ಸಂದಿ ಹುಟ್ಟುತ್ತದೆ.

ಹನ್ನೆರಡು ಉಂಡೆಗಳಲ್ಲಿ ಅತಿ ದಪ್ಪಕ್ಕೂ ಅತಿ ತೆಳುವಿಗೂ 3 ಮಿ.ಮೀ. ಒಳಗೆ ವ್ಯತ್ಯಾಸವಿದ್ದರೆ ಮೆತ್ತನೆ ಬಲ್ಬು ಸುಧಾರಿಸಿಕೊಂಡು ಹೋಗುತ್ತದೆ. ಒಂದು ಮೂಲೆ 6, ಇನ್ನೊಂದು 13 ಎಂದು ಬಂದರೆ ಬೀಡಿಂಗ್ ಅಂಗಡಿಗೆ ಹೋಗಬೇಡಿ, ಟಿಂಕರಿಂಗ್ ಮೇಸ್ತ್ರಿ ಹತ್ತಿರ ವಾಪಸ್ ಹೋಗಿ.

6. ಕೂರುವ ಜಾಗ ನೋಡಿ ಆಕಾರ ಆರಿಸಿ

ಅಂಚಿನಲ್ಲಿ ತಗಡಿನ ಕಾಲುವೆ ಇದೆಯೋ, ಚಪ್ಪಟೆ ಜಾಗವೋ, ನೆಟ್ಟಗೆ ನಿಂತ ತುಟಿಯೋ? ಕಾಲುವೆ ಇದ್ದರೆ ಅದರ ಅಗಲಕ್ಕೆ ಸರಿಯಾದ ತಳವಿರುವ ರಬ್ಬರು, ಅಂಟಿಸಿ ಕೂರಿಸುವಂಥದ್ದು. ಚಪ್ಪಟೆ ಜಾಗಕ್ಕೆ ಇಂಗ್ಲಿಷಿನ ಡಿ ಅಕ್ಷರದ ಆಕಾರದ್ದು. ನೆಟ್ಟಗೆ ನಿಂತ ತುಟಿಗೆ ಒಳಗೆ ತಗಡಿನ ಹಲ್ಲಿದ್ದು ಕಚ್ಚಿ ಕೂರುವ ಬೀಡಿಂಗ್. ಇದಕ್ಕೆ ಅಂಟು ಬೇಡ, ಆದರೆ ತುಟಿಯ ದಪ್ಪ ಗೊತ್ತಿರಬೇಕು. 1 ಮಿ.ಮೀ. ತುಟಿಗೆ 3 ಮಿ.ಮೀ. ಹಲ್ಲಿನದನ್ನು ತಂದರೆ ಹೊಂಡಕ್ಕೊಮ್ಮೆ ಕಳಚಿ ನೇತಾಡುತ್ತದೆ. ಈ ಕಚ್ಚುವ ಜಾತಿಯಲ್ಲೂ ಬಲ್ಬು ನೆತ್ತಿಯ ಮೇಲಿರುವುದು, ಮಗ್ಗುಲಲ್ಲಿರುವುದು ಎಂದು ಎರಡು ಬಗೆ. ಡೋರು ಮೇಲಿನಿಂದ ಒತ್ತುತ್ತದೋ ಪಕ್ಕದಿಂದ ಒರೆಸುತ್ತದೋ ನೋಡಿ ಹೇಳಿ.

ಮೂಲೆ ಮರೆಯಬೇಡಿ. ಬಿಗಿಯಾದ ತಿರುವಿನಲ್ಲಿ ಟೊಳ್ಳು ಬಲ್ಬು ಮಡಚಿಕೊಳ್ಳುತ್ತದೆ. ಅಂಗಡಿಯಲ್ಲೇ ನಿಮ್ಮ ಕಾರಿನ ಮೂಲೆಯಷ್ಟೇ ಬಾಗಿಸಿ ನೋಡಿ. ಸುಕ್ಕು ಬಂದರೆ ಬೇರೆ ಕೇಳಿ. ಬೇರೆ ಸಿಗದಿದ್ದರೆ ಮೂಲೆಯ ಭಾಗಕ್ಕೆ ಮಾತ್ರ ಬಲ್ಬಿನೊಳಗೆ ಮೆತ್ತನೆ ಸ್ಪಂಜಿನ ಎಳೆ ತೂರಿಸಬಹುದು.

7. ಬಿಸಿಲಿಗೆ ಇಪಿಡಿಎಂ

ನೈಸರ್ಗಿಕ ರಬ್ಬರಿನ ಶತ್ರು ಗಾಳಿಯಲ್ಲಿರುವ ಓಜೋನ್ ಮತ್ತು ಸೂರ್ಯನ ನೇರಳಾತೀತ ಕಿರಣ. ಹಳೇ ಬೀಡಿಂಗ್ ಬಾಗಿಸಿದಾಗ ಕಾಣುವ ಅಡ್ಡ ಬಿರುಕುಗಳಿಗೆ ಅದೇ ಕಾರಣ. ಪಿವಿಸಿ ಬೀಡಿಂಗ್ ಅಗ್ಗ, ಹೊಳಪು ಚೆನ್ನ, ಆದರೆ ಬಿಸಿಲಿನಲ್ಲಿ ಮೆತ್ತಗಾಗಿ ಅಮುಕಿದ ಆಕಾರದಲ್ಲೇ ನಿಂತುಬಿಡುತ್ತದೆ. ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಕೃತಕ ರಬ್ಬರು ನಿಯೋಪ್ರೀನ್ ಎಣ್ಣೆ ತಾಗುವ ಜಾಗಕ್ಕೆ ಯೋಗ್ಯ. 1960ರ ದಶಕದಿಂದ ಬಳಕೆಗೆ ಬಂದ ಇನ್ನೊಂದು ಕೃತಕ ರಬ್ಬರು ಇಪಿಡಿಎಂ ಬಿಸಿಲು, ಓಜೋನ್, ನೂರು ಡಿಗ್ರಿ ದಾಟಿದ ಬಿಸಿ ಎಲ್ಲವನ್ನೂ ತಡೆಯುತ್ತದೆ. ಈಗಿನ ಕಾರುಗಳ ಬಾಗಿಲಿಗೆ ಬರುವುದು ಹೆಚ್ಚಾಗಿ ಅದೇ. ಅದರ ಒಂದೇ ದೌರ್ಬಲ್ಯ ಪೆಟ್ರೋಲು, ಎಂಜಿನ್ ಆಯಿಲ್, ತಾಗಿದರೆ ಊದಿಕೊಳ್ಳುತ್ತದೆ.

ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ಹತ್ತಿರ ಹೋಗುವ ಬಯಲುಸೀಮೆಗೆ ನನ್ನ ಮತ ಇಪಿಡಿಎಂಗೆ: ಬಲ್ಬು ಸ್ಪಂಜಿನ ಇಪಿಡಿಎಂ, ತಳ ಗಟ್ಟಿ ಇಪಿಡಿಎಂ. ಡಿಕ್ಕಿಯಲ್ಲಿ ಡೀಸೆಲ್ ಕ್ಯಾನು, ಆಯಿಲ್ ಡಬ್ಬ ಸಾಗಿಸುವ ಅಭ್ಯಾಸ ಇದ್ದರೆ ಮೊದಲು ಅದನ್ನು ಬಿಡಿ, ಬಿಡಲಾಗದಿದ್ದರೆ ನಿಯೋಪ್ರೀನ್ ನೋಡಿ.

8. ಮೀಟರುಗಟ್ಟಲೆ ಕೊಳ್ಳುವ ಮೊದಲು ಒಂದು ಗೇಣು ತಂದು ಹಿಂಸೆ ಕೊಡಿ

ಪೊಟ್ಟಣದ ಮೇಲೆ ಏನು ಬರೆದಿದೆ ಎನ್ನುವುದಕ್ಕಿಂತ ತುಂಡು ಏನು ಹೇಳುತ್ತದೆ ಎನ್ನುವುದು ಮುಖ್ಯ. ಮೂರು ಪರೀಕ್ಷೆ ಸಾಕು.

ಮೊದಲನೆಯದು ಉಗುರು. ಒತ್ತಿ ಬಿಟ್ಟ ತಕ್ಷಣ ಗುರುತು ಮಾಯವಾಗಬೇಕು.

ಎರಡನೆಯದು ನೀರು. ಸ್ಪಂಜಿನ ಬೀಡಿಂಗ್ ತುಂಡನ್ನು ಬಟ್ಟಲ ನೀರಿನಲ್ಲಿ ಮುಳುಗಿಸಿ, ಹಿಸುಕಿ ಬಿಡಿ, ಮತ್ತೆ ಹಿಸುಕಿ. ಹೊರತೆಗೆದು ಒರೆಸಿ ಒತ್ತಿದಾಗ ರಬ್ಬರಿನ ಮೈಯಿಂದಲೇ ನೀರು ಜಿನುಗಿದರೆ ಅದರ ರಂಧ್ರಗಳು ಒಂದಕ್ಕೊಂದು ತೆರೆದಿವೆ. ಅಂಥದ್ದು ಮಳೆಗಾಲವಿಡೀ ನೀರು ಹಿಡಿದಿಟ್ಟುಕೊಂಡು ಹೊಸ ಪೇಂಟಿನ ಕೆಳಗೆ ತುಕ್ಕು ಬೆಳೆಸುತ್ತದೆ. ಬಲ್ಬಿನ ಟೊಳ್ಳಿನೊಳಗೆ ಹೋದ ನೀರಿನ ಲೆಕ್ಕ ಬೇರೆ, ಗೊಂದಲ ಬೇಡ.

ಮೂರನೆಯದೇ ಅಸಲಿ ಪರೀಕ್ಷೆ. ಎರಡು ಹಲಗೆ ಚೂರುಗಳ ನಡುವೆ ತುಂಡನ್ನಿಟ್ಟು, ಎತ್ತರದ ಮೂರನೇ ಒಂದು ಭಾಗ ಅಮುಕುವಷ್ಟು ಬಿಗಿದು ಮಾಳಿಗೆಯ ಮೇಲೆ ಬಿಸಿಲಿನಲ್ಲಿ ಒಂದಿಡೀ ದಿನ ಬಿಡಿ. ಸಂಜೆ ಬಿಚ್ಚಿ, ಅರ್ಧ ಗಂಟೆ ಬಿಟ್ಟು ಅಳೆಯಿರಿ. ಮೊದಲಿನ ಎತ್ತರಕ್ಕೆ ಹತ್ತಿರ ಬಂದರೆ ಕೊಳ್ಳಿ. ಅಮುಕಿದಂತೆಯೇ ಉಳಿದರೆ ಅದು ನಿಮ್ಮ ಡಿಕ್ಕಿಯಲ್ಲೂ ಮೊದಲ ಬೇಸಿಗೆಗೇ ಹಾಗೆಯೇ ಉಳಿಯುತ್ತದೆ. ರಬ್ಬರು ಕಾರ್ಖಾನೆಗಳ ಪ್ರಯೋಗಾಲಯದಲ್ಲಿ ಕಂಪ್ರೆಷನ್ ಸೆಟ್ ಎಂದು ಅಳೆಯುವುದು ಇದನ್ನೇ. ಅವರಿಗೆ ಓವನ್ ಬೇಕು, ನಮ್ಮ ಮಾಳಿಗೆಗೆ ಅದೂ ಬೇಡ.

9. ಎಲ್ಲಿ ಹುಡುಕಬೇಕು

ಮೊದಲು ದಾವಣಗೆರೆ, ಚಿತ್ರದುರ್ಗದ ಸ್ಪೇರ್ಸ್ ಅಂಗಡಿಗಳು. ಅಳತೆ ತುಂಡು ಜೇಬಿನಲ್ಲಿರಲಿ. ಅಲ್ಲಿ ಮುಗಿಯದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಅಂಬಾಸಿಡರ್‌ಗೆ ಕೋಲ್ಕತ್ತದ ಮಲ್ಲಿಕ್ ಬಜಾರ್, ಯಾವುದೇ ಕಾರಿಗೆ ದೆಹಲಿಯ ಕಾಶ್ಮೀರಿ ಗೇಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಚೆನ್ನೈನ ಪುದುಪೇಟೆ ಎಂದು ಹಳಬರು ಹೇಳುತ್ತಾರೆ. ಪ್ರೀಮಿಯರ್ ಪದ್ಮಿನಿ ಇರುವವರು ಮುಂಬೈ ಕಡೆ ನೋಡಬೇಕು. ಅದು ಹುಟ್ಟಿದ್ದು ಕುರ್ಲಾದಲ್ಲಿ, ಅಲ್ಲಿನ ಕಪ್ಪು ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ವರೆಗೆ ಓಡಿತು.

ಗುಜರಿಯಲ್ಲಿ ಲಾಕ್, ಹಿಂಜು, ಡೋರು ಕೊಳ್ಳಿ, ತೊಂದರೆ ಇಲ್ಲ. ಗುಜರಿ ಬೀಡಿಂಗ್ ಬೇಡವೇ ಬೇಡ. 'ಹಳೇ ಸ್ಟಾಕ್, ಒರಿಜಿನಲ್, ಪ್ಯಾಕ್ ಕೂಡ ಬಿಚ್ಚಿಲ್ಲ' ಎಂದರೂ ಉಗುರಿನ ಪರೀಕ್ಷೆ ಬಿಡಬೇಡಿ. ರಬ್ಬರು ಪ್ಯಾಕಿನೊಳಗೇ ಮುದಿಯಾಗುತ್ತದೆ.

10. ವಿದೇಶಿ ದಾಯಾದಿಯ ಬೀಡಿಂಗ್ ತರಿಸುವ ಮುನ್ನ

ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪದ್ಮಿನಿಯದು ಇಟಲಿಯ ಫಿಯಟ್ 1100 ಡಿ, ಹೆರಾಲ್ಡ್‌ನದು ಟ್ರಯಂಫ್, ಕಾಂಟೆಸ್ಸಾದ್ದು ವಾಕ್ಸ್‌ಹಾಲ್. ಆ ದೇಶಗಳಲ್ಲಿ ಈ ಮೂಲ ಕಾರುಗಳಿಗೆ ಬೀಡಿಂಗ್ ಮಾಡಿ ಮಾರುವವರಿದ್ದಾರೆ. ತರಿಸಬಹುದು, ಗುಣಮಟ್ಟ ಚೆನ್ನಾಗಿಯೇ ಇರುತ್ತದೆ. ಆದರೆ ಅಚ್ಚು ಒಂದೇ ಆದರೂ ಇಲ್ಲಿ ದಶಕಗಟ್ಟಲೆ ಒತ್ತಿದ ತಗಡು, ಕೈಯಲ್ಲಿ ತಟ್ಟಿ ಕೂರಿಸಿದ ಡೋರು. ಅಡ್ಡಕೊಯ್ತದ ಚಿತ್ರ, ಎತ್ತರ, ತಳದ ಅಗಲ ಮೊದಲು ತರಿಸಿಕೊಂಡು ನಿಮ್ಮ ಹಿಟ್ಟಿನುಂಡೆಯ ಅಳತೆಗೆ ತಾಳೆ ನೋಡಿ. ತಾಳೆಯಾಗದಿದ್ದರೆ ಬಂದರಿನ ಸುಂಕ ಕಟ್ಟುವ ಚಟ ಬೇಡ.

11. ಸುತಳಿಯಿಂದ ಅಳೆದು, ಎಳೆಯದೆ ಅಂಟಿಸಿ

ಸ್ಟೀಲ್ ಟೇಪು ಮೂಲೆಯಲ್ಲಿ ಸುಳ್ಳು ಹೇಳುತ್ತದೆ. ಸುತಳಿಯನ್ನು ಬೀಡಿಂಗ್ ಕೂರುವ ಜಾಗದಲ್ಲೇ ಸುತ್ತು ಹಾಕಿ ಅಳೆಯಿರಿ, ಒಂದು ಗೇಣು ಹೆಚ್ಚು ಕೊಳ್ಳಿ. ಹಚ್ಚುವಾಗ ಎಳೆಯುವುದು ಎಲ್ಲರ ಕೈಯ ಚಾಳಿ. ಎಳೆದ ರಬ್ಬರು ಬಿಸಿಲಿಗೆ ತನ್ನ ಉದ್ದಕ್ಕೆ ವಾಪಸಾಗುತ್ತದೆ, ಜೋಡಣೆ ಬಾಯಿ ಬಿಡುತ್ತದೆ, ಮೂಲೆಗಳು ಒಳಕ್ಕೆ ಸರಿಯುತ್ತವೆ. ತುಸು ಒತ್ತಿ ಒತ್ತಿ ಕೂರಿಸಿ, ಕೊನೆಯಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚೇ ಬಿಟ್ಟು ಹೊಸ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಜೋಡಣೆ ಕೆಳಬದಿಯಲ್ಲಿರಲಿ, ಲಾಕಿನಿಂದ ಸ್ವಲ್ಪ ಪಕ್ಕಕ್ಕೆ. ಟೊಳ್ಳು ಬಲ್ಬಿನಲ್ಲಿ ಅಲ್ಲಲ್ಲಿ ಸಣ್ಣ ತೂತುಗಳಿದ್ದರೆ ದೋಷವೆಂದು ಮುಚ್ಚಬೇಡಿ: ಡೋರು ಒತ್ತಿದಾಗ ಒಳಗಿನ ಗಾಳಿ ಹೊರಹೋಗಲು ಇಟ್ಟವು ಅವು.

12. ಪೇಂಟಿಗೆ ಒಣಗಲು ದಿನ ಕೊಡಿ

ಮದುವೆ ಸೀಸನ್ನಿಗೆ ಗಾಡಿ ಬೇಕೆಂದು ಪೇಂಟಾದ ಮರುದಿನವೇ ಬೀಡಿಂಗ್ ಹಾಕಿದರೆ ಹಸಿ ಬಣ್ಣದ ದ್ರಾವಕ ರಬ್ಬರಿನ ಕೆಳಗೆ ಸಿಕ್ಕಿಕೊಳ್ಳುತ್ತದೆ, ಬಲ್ಬಿನ ಅಚ್ಚು ಡೋರಿನ ಮೇಲೆ ಮೂಡುತ್ತದೆ. ಎಷ್ಟು ದಿನ ಎಂದು ಪೇಂಟರನ್ನೇ ಕೇಳಿ, ಅವರು ಹೇಳಿದ್ದಕ್ಕೆ ಒಂದು ವಾರ ಸೇರಿಸಿ. ಅಂಟಿಗೆ ಸೋಫಾದವರು ಬಳಸುವ ಹಳದಿ ಗಮ್ಮನ್ನು ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಕೂರಿಸುವುದು ವಾಡಿಕೆ. ಇಪಿಡಿಎಂ ಅಂಟು ಹಿಡಿಯಲು ಹಟ ಮಾಡುತ್ತದೆ; ತಳವನ್ನು ಮರಳುಕಾಗದದಿಂದ ಲಘುವಾಗಿ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ, ಡಬ್ಬದ ಮೇಲೆ ಇಪಿಡಿಎಂಗೆ ಆಗುತ್ತದೆ ಎಂದಿರುವ ಅಂಟನ್ನೇ ತನ್ನಿ. ಹಳೇ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟಿನ ಮೇಲೆ ತಿನ್ನರ್ ಬಟ್ಟೆ ಆಡಿಸಬೇಡಿ, ಬಣ್ಣವೇ ಎದ್ದು ಬರುತ್ತದೆ.

13. ಬಿಳಿ ಪಂಚೆಯೇ ಅಂತಿಮ ಪರೀಕ್ಷೆ

ಹಚ್ಚಿದ ಮೇಲೆ ಬೀಡಿಂಗ್‌ನ ನೆತ್ತಿಗೆ ಸೀಮೆಸುಣ್ಣ ಬಳಿದು ಡೋರು ಮುಚ್ಚಿ ತೆರೆಯಿರಿ. ಡೋರಿನ ಒಳಬದಿಯಲ್ಲಿ ಬಿಳಿ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ರಬ್ಬರು ತಾಗಿಲ್ಲ. ಕತ್ತಲಾದ ಮೇಲೆ ಡಿಕ್ಕಿಯೊಳಗೆ ಪ್ರಖರ ಟಾರ್ಚು ಹೊತ್ತಿಸಿಟ್ಟು ಹೊರಗಿನಿಂದ ಬೆಳಕಿನ ಗೆರೆ ಹುಡುಕಿ. 'ಒಳಗೆ ಕೂತು ನೋಡು' ಎಂದು ಹುಡುಗರನ್ನು ಡಿಕ್ಕಿಗೆ ಇಳಿಸಬೇಡಿ.

ಆಮೇಲೆ ಸೊಕ್ಕೆಯ ಪರೀಕ್ಷೆ. ಹಳೇ ಬಿಳಿ ಪಂಚೆಯನ್ನು ಒದ್ದೆ ಮಾಡಿ ಹಿಂಡಿ ಡಿಕ್ಕಿಯ ತಳ, ಗೋಡೆಗೆಲ್ಲ ಹರಡಿ. ಹೊಲದ ದಾರಿಯಲ್ಲಿ, ಸಾಧ್ಯವಾದರೆ ಟ್ರ್ಯಾಕ್ಟರೊಂದರ ಹಿಂದೆ, ಮುಂದಿನ ಕಿಟಕಿ ಅರ್ಧ ಇಳಿಸಿ ನಾಲ್ಕಾರು ಕಿಲೋಮೀಟರ್ ಓಡಿಸಿ ಬನ್ನಿ. ಪಂಚೆಯ ಮೇಲಿನ ಕೆಂಪು ಗೆರೆ ಎಲ್ಲಿ ಶುರುವಾಗುತ್ತದೋ ಸೋರಿಕೆ ಅಲ್ಲಿದೆ. ಮೋಡವಾಗಿ ಹರಡಿದ್ದರೆ ಬೀಡಿಂಗ್. ಒಂದು ಬಿಂದುವಿನಿಂದ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ ಬೇರೆಲ್ಲೋ ತೂತು. ಹಿಂದಿನ ಲೈಟಿನ ರಬ್ಬರು, ನಂಬರ್ ಪ್ಲೇಟ್ ಲೈಟಿನ ವೈರು ಹೋಗುವ ತೂತು, ಹಿಂಜಿನ ಬುಡ, ಹಿಂದಿನ ಗಾಜಿನ ರಬ್ಬರು, ಸ್ಟೆಪ್ನಿ ಕೆಳಗಿನ ತುಕ್ಕು ತಿಂದ ತಗಡು, ಇವನ್ನೆಲ್ಲ ನೋಡದೆ ಬೀಡಿಂಗ್ ಅಂಗಡಿಯವನ ಜತೆ ಜಗಳಕ್ಕೆ ಹೋಗಬೇಡಿ. ಪೆಟ್ರೋಲ್ ಟ್ಯಾಂಕಿನ ಪೈಪು ಡಿಕ್ಕಿಯೊಳಗಿಂದ ಹಾದಿದ್ದರೆ ಅದರ ಸುತ್ತಲಿನ ರಬ್ಬರನ್ನೂ ಇದೇ ಖರ್ಚಿನಲ್ಲಿ ಬದಲಿಸಿ.

ನೀರಿನ ಪರೀಕ್ಷೆಗೆ ಬೋರಿನ ಪೈಪು ಹಿಡಿಯುವುದು ಬೇಡ. ಒಂದು ಕೊಡ ನೀರು, ಒಂದು ಚೊಂಬು ಸಾಕು. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲಿನಿಂದ ಸುರಿದರೆ ಎಲ್ಲಿ ಸೋರಿತು ಎನ್ನುವುದೇ ತಿಳಿಯುವುದಿಲ್ಲ.

14. ರಬ್ಬರಿಗಾಗಿ ತಗಡು ಕೊಯ್ಯಬೇಡಿ

'ಈಗಿನ ಕಾರಿನ ಬೀಡಿಂಗ್ ಹಾಕೋಣ, ಅಂಚಿಗೆ ಹೊಸ ತುಟಿ ವೆಲ್ಡ್ ಮಾಡ್ತೀನಿ' ಎನ್ನುವ ಮೇಸ್ತ್ರಿಗಳಿದ್ದಾರೆ. ಕೈಚಳಕ ಇದ್ದೇ ಇರುತ್ತದೆ, ಆದರೂ ಒಪ್ಪಬೇಡಿ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದಿರುವ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ವಿಎ ಎಂಬ ಅಕ್ಷರ ಸೇರುತ್ತದೆ. 1975ಕ್ಕೆ ನಿಂತ ಮಾರ್ಕ್ 2 ಅಂಬಾಸಿಡರ್‌ಗಳೆಲ್ಲ ಈಗ ಆ ಗಡಿಯಲ್ಲಿವೆ. ಅಂಟಿಸಿದ ರಬ್ಬರನ್ನು ನಾಳೆ ಕಿತ್ತು ಬೇರೆ ಹಾಕಬಹುದು, ಕೊಯ್ದ ತಗಡು ಮರಳಿ ಬರುವುದಿಲ್ಲ.

15. ಎಣ್ಣೆ ಬೇಡ, ಪೌಡರ್ ಸಾಕು

ಕೊಬ್ಬರಿ ಎಣ್ಣೆ, ಹರಳೆಣ್ಣೆ, ಗ್ರೀಸು ಸವರಿದರೆ ರಬ್ಬರು ಮಿನುಗುತ್ತದೆ, ಮರುದಿನ ಅದರ ಮೇಲೆ ಧೂಳಿನ ಹೆಪ್ಪು ನಿಲ್ಲುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಮಗುವಿಗೆ ಹಾಕುವ ಟಾಲ್ಕಂ ಪೌಡರ್ ತುಸು ಸವರಿ. ಬಿಸಿಲಿಗೆ ಡೋರಿಗೆ ಅಂಟಿಕೊಳ್ಳುವುದು ತಪ್ಪುತ್ತದೆ. ಸಿಲಿಕೋನ್ ಸ್ಪ್ರೇ ಒಳ್ಳೆಯದೇ, ಆದರೆ ಪೇಂಟಿನ ಕೆಲಸ ಪೂರ್ತಿ ಮುಗಿದ ಮೇಲೆ ಮಾತ್ರ. ಸಿಲಿಕೋನ್ ತಾಗಿದ ಜಾಗದಲ್ಲಿ ಬಣ್ಣ ಹೊಂದಿಕೊಳ್ಳದೆ ಮೀನಿನ ಕಣ್ಣಿನಂಥ ಗುಳಿಗಳೇಳುತ್ತವೆ, ಪೇಂಟರು ಶಾಪ ಹಾಕುತ್ತಾರೆ. ಆಯುಧಪೂಜೆಗೆ ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಪೈಪನ್ನು ಬೀಡಿಂಗ್‌ನಿಂದ ಒಂದು ಮೊಳ ದೂರವಿಡಲು ಹುಡುಗನಿಗೆ ಮುಂಚೆಯೇ ಹೇಳಿ.

16. ಸಿಗದಿದ್ದರೆ ಮಾಡಿಸಿ, ಆದರೆ ಒಬ್ಬರೇ ಬೇಡ

ರಬ್ಬರು ಎಕ್ಸ್‌ಟ್ರೂಷನ್ ಮಾಡುವ ಕಾರ್ಖಾನೆಗಳು ನಿಮ್ಮ ಚಿತ್ರಕ್ಕೆ ತಕ್ಕ ಅಚ್ಚು ಕೊಯ್ದು ಬೀಡಿಂಗ್ ಎಳೆದುಕೊಡುತ್ತವೆ. ಅಚ್ಚಿಗೊಂದು ಬೆಲೆ, ಮೇಲೆ ಇಂತಿಷ್ಟು ಮೀಟರ್ ಕೊಳ್ಳಲೇಬೇಕೆಂಬ ಷರತ್ತು. ಒಂದು ಕಾರಿಗೆ ಅದು ದಂಡ. ಜಗಳೂರು, ಹರಪನಹಳ್ಳಿ, ಕೊಟ್ಟೂರು, ಚಳ್ಳಕೆರೆ ಕಡೆ ಶೆಡ್ಡಿನಲ್ಲಿ ನಿಂತಿರುವ ಅಂಬಾಸಿಡರ್ ಎಷ್ಟಿವೆ ಎಂದು ಟಿಂಕರಿಂಗ್ ಮೇಸ್ತ್ರಿಗಳಿಗೆ ಗೊತ್ತಿರುತ್ತದೆ, ಅವರನ್ನು ಕೇಳಿ. ನಾಲ್ಕೈದು ಮಂದಿ ಸೇರಿದರೆ ಅಚ್ಚಿನ ಖರ್ಚು ಹಂಚಿಹೋಗುತ್ತದೆ. ಆರ್ಡರ್ ಕೊಡುವಾಗ ಎಲ್ಲ ಕಾರುಗಳ ಹಿಟ್ಟಿನುಂಡೆ ಅಳತೆ ಒಟ್ಟಿಗಿಟ್ಟು ಎತ್ತರ ನಿರ್ಧರಿಸಿ, ಅಚ್ಚಿನ ಮಾಲೀಕರು ಯಾರೆಂದು ರಸೀದಿಯಲ್ಲಿ ಬರೆಸಿ, ಮೊದಲ ಮೀಟರ್ ಎಳೆದ ಕೂಡಲೇ ಒಂದು ಗೇಣು ಕಳಿಸಿಕೊಡಲು ಹೇಳಿ. ಆ ತುಂಡು ಮಾಳಿಗೆಯ ಬಿಸಿಲಿನಲ್ಲಿ ಪಾಸಾದ ಮೇಲೆಯೇ ಉಳಿದ ಹಣ ಕೊಡಿ.